ನಾಲ್ಕನೆಯದು ಹೋಯಿತು

ಚಿತ್ರದಲ್ಲಿ ಬೆಳಗಿನ ಬೆಳಕು ಛಾವಣಿಯ ಗಾಜಿನಿಂದಿಳಿದು ಗ್ಯಾರೇಜಿನ ನೆಲದ ಮೇಲೆ ನಾಲ್ಕು ಚೌಕಗಳಾಗಿ ಬಿದ್ದಿದೆ. ಅವುಗಳ ನಡುವೆ ಕಡುನೀಲಿ ಕಾರೊಂದು ನಿಂತಿದೆ. ನಿಂತಿದೆ ಎನ್ನುವುದಕ್ಕಿಂತ, ಗೆರೆಯ ಹಿಂದೆ ಬೆರಳೂರಿ ಬಗ್ಗಿದ ಓಟಗಾರನಂತೆ ನೆಲಕ್ಕಂಟಿ ಕಾಯುತ್ತಿದೆ. ಬಾನೆಟ್ಟು ತೆರೆದಿದೆ. ಸ್ಟೀರಿಂಗಿನ ಹಿಂದೆ ಮೂವತ್ತರ ಆಸುಪಾಸಿನ ಹೆಂಗಸು. ತೊಡೆಯ ಮೇಲೆ ಬಿಚ್ಚಿದ ನೋಟ್‌ಪುಸ್ತಕ, ಬಲಗೈ ಕೀಲಿಯ ಮೇಲೆ. ಕಾರಿನ ಮೂತಿಗೆ ಎರಡು ಮಾರು ದೂರದಲ್ಲಿ, ಸ್ಟೂಲಿನ ಮೇಲೆ, ಅವಳ ಮಾವ. ತಲೆ ನೆರೆತ ಮೇಸ್ತ್ರಿ. ಅಂಗೈಗಳು ಮೊಣಕಾಲ ಮೇಲಿವೆ. ಕಣ್ಣು ಮುಚ್ಚಿವೆ. ಹಾಡು ಶುರುವಾಗುವುದನ್ನು ಕಾಯುವ ರಸಿಕನಂತೆ ಮುಖ ತುಸು ಮೇಲೆತ್ತಿದೆ. ಹಿಂದೆ, ಕಚೇರಿ ಕೋಣೆಯ ಬಾಗಿಲಿಗೆ ಒರಗಿದವನು ಮೇಸ್ತ್ರಿಯ ಮಗ, ಆ ಹೆಂಗಸಿನ ಗಂಡ. ಅವನ ಹುಬ್ಬು ಗಂಟಿಕ್ಕಿದೆ. ಬಲಗೈಯ ತೋರುಬೆರಳು ಕಿವಿಯೊಳಗಿದೆ.

ಯಾರೂ ಅಲುಗಿಲ್ಲ. ಚಿತ್ರದಲ್ಲಿ ಯಾರೂ ಅಲುಗುವುದಿಲ್ಲ, ನಿಜ. ಆದರೆ ಈ ಚಿತ್ರದಲ್ಲಿ ಗಾಳಿಯೂ ಉಸಿರು ಬಿಗಿಹಿಡಿದಂತಿದೆ.

ಇದನ್ನು ತೆಗೆದದ್ದು ಸೋಮವಾರ ಬೆಳಿಗ್ಗೆ ಏಳು ಹನ್ನೆರಡಕ್ಕೆ. ಹತ್ತು ಸೆಕೆಂಡಿನ ಮೇಲೆ ಆ ಎಂಜಿನ್ ಸತ್ತಿತು.

*

ಚಿತ್ರವಿದ್ದ ಫೋನು ಹಲ್ಲಿನ ಡಾಕ್ಟರದು. ಕಾರೂ ಅವರದೇ. ವಿಮಾ ಕಂಪನಿಯ ಸರ್ವೇಯರ್ ತಮ್ಮ ಮೇಜಿನ ಮೇಲೆ ಫೋನಿಟ್ಟುಕೊಂಡು ಚಿತ್ರವನ್ನು ಹಿಗ್ಗಿಸಿ ನೋಡಿದರು. ಕುಗ್ಗಿಸಿ ನೋಡಿದರು.

"ಸದ್ದು ಹೇಗಿತ್ತು, ಡಾಕ್ಟ್ರೇ?"

"ದವಡೆ ಹಲ್ಲು ಇಕ್ಕಳದಲ್ಲೇ ಮುರಿದ ಹಾಗೆ. ನನಗೆ ಗೊತ್ತಿರೋ ಕೆಟ್ಟ ಸದ್ದು ಅದೊಂದೇ."

"ಎಂಜಿನ್ ಎಷ್ಟು ಹೊತ್ತು ಓಡಿತು?"

"ಓಡಿದ್ದೆಲ್ಲಿ ಬಂತು? ಸ್ಟಾರ್ಟರ್ ಒಂದು ಸಲ ಉರುಳಿತು. ಧಡ್! ಮುಗೀತು."

"ಮೊದಲಿನ ಕಾಯಿಲೆ ಏನು?"

"ಚಳಿಜ್ವರ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದ್ರೆ ಒಂದೂವರೆ ನಿಮಿಷ ಗಡಗಡ ನಡುಗೋದು. ಕೆಮ್ಮು, ಹೊಗೆ. ಆಮೇಲೆ ಬೆಣ್ಣೆ. ನಮ್ಮನೆಯವಳು ಅದಕ್ಕೆ ಮಲೇರಿಯಾ ಅಂತ ಹೆಸರಿಟ್ಟಿದ್ಲು. ಆರು ಗ್ಯಾರೇಜು ಸುತ್ತಿದೆ. ಎಲ್ಲರೂ ಒಂದೇ ಮಾತು: ಇಂಥಾ ಜೋರು ಕಾರುಗಳೇ ಹಾಗೆ."

ಅದು ಅರ್ಧ ನಿಜ. ವೇಗಕ್ಕೆಂದೇ ಕಟ್ಟಿದ ಎಂಜಿನ್ ಬಿಸಿಯಲ್ಲಿ ಬದುಕಲು ಹುಟ್ಟಿದ್ದು. ತಣ್ಣಗಿನ ಲೋಹದ ಮೇಲೆ ಪೆಟ್ರೋಲು ಆವಿಯಾಗದೆ ಹನಿಯಾಗಿ ಅಂಟುತ್ತದೆ. ಒಂದೊಂದು ಸಿಲಿಂಡರು ತನ್ನ ಮನಸ್ಸಿಗೆ ಬಂದಂತೆ ಉರಿಯುತ್ತದೆ. ಸ್ವಲ್ಪ ಬಿಸಿಯೇರಿದ ಮೇಲೆ ಆರೂ ಒಂದಾಗುತ್ತವೆ. ಕೊಂಚ ನಡುಕ ಹುಟ್ಟುಗುಣ. ಒಂದೂವರೆ ನಿಮಿಷದ ನಡುಕ ರೋಗ.

"ಏಳನೇ ಗ್ಯಾರೇಜು ಇವರದು," ಎಂದರು ಡಾಕ್ಟರು. "ಸೊಸೆ ಮೂರು ವಾರ ಇಟ್ಟುಕೊಂಡಳು. ನಾಲ್ಕನೇ ಸಿಲಿಂಡರಿಗೆ ಪೆಟ್ರೋಲು ಚಿಮುಕಿಸೋ ಇಂಜೆಕ್ಟರ್ ಸೋರ್ತಿದೆ ಅಂತ ಹಿಡಿದು ಬದಲಾಯಿಸಿದಳು. ಶನಿವಾರ ಬೆಳಿಗ್ಗೆ ನಾನೇ ಹೋಗಿ ಕೇಳಿದೆ. ತಗೊಳ್ಳಿ, ರೆಕಾರ್ಡ್ ಮಾಡಿದ್ದೀನಿ."

ಸರ್ವೇಯರ್ ಕೇಳಿದರು. ಮೊದಲು ಏನೋ ಸಣ್ಣ ಕೀರಲು. ಆಮೇಲೆ ಎಂಜಿನ್. ಹತ್ತು ಸೆಕೆಂಡು ಗೊಣಗಿ, ಸ್ವರಕ್ಕೆ ಬಂದು ಹದವಾಗಿ ಓಡಿತು. ರೋಗ ವಾಸಿಯಾಗಿದ್ದ ಎಂಜಿನ್.

"ಸೋಮವಾರ ಗಾಡಿ ತಗೊಳ್ಳೋಕೆ ಹೋದೆ, ಅದರ ಹೆಣ ನೋಡಿದೆ. ಆದ್ರೆ ಒಂದು ಮಾತು ಸಾರ್. ಧಡ್ ಅಂದ ತಕ್ಷಣ ಆ ಮುದುಕರು ಕಣ್ಣೂ ಬಿಡಲಿಲ್ಲ. 'ನಾಲ್ಕನೆಯದು ಹೋಯಿತು' ಅಂದ್ರು. ಪ್ಲಗ್ ತೆಗೆದು ನೋಡಿದ್ರೆ ನಾಲ್ಕನೆಯದೇ! ಎಂಥಾ ಕಿವಿ ಸಾರ್ ಅದು!"

ಸರ್ವೇಯರರ ಎದೆಯಲ್ಲಿ ಹಳೆಯದೊಂದು ಮುಳ್ಳು ತಿರುಗಿತು. ಮೂವತ್ತೈದು ವರ್ಷದಿಂದ ಅಲ್ಲಿಯೇ ಇದ್ದ ಮುಳ್ಳು.

ಅವರು ನಮೂನೆಯ ಹಾಳೆ ತೆಗೆದರು. ಅದರಲ್ಲಿ ಎರಡೇ ಚೌಕ. ಕೆಲಸಗಾರರ ಅಜಾಗರೂಕತೆ. ಉದ್ದೇಶಪೂರ್ವಕ ಹಾನಿ. ಮೊದಲನೆಯದಕ್ಕೆ ಗುರುತು ಬಿದ್ದರೆ ಸೊಸೆಯ ಹೆಸರು ಎಲ್ಲ ವಿಮಾ ಕಂಪನಿಗಳ ಪಟ್ಟಿಗೆ ಹೋಗುತ್ತದೆ. ಆಮೇಲೆ ಯಾವ ಗ್ಯಾರೇಜೂ ಅವಳ ಕೈಗೆ ಎಂಜಿನ್ ಕೊಡುವುದಿಲ್ಲ. ಅವಳ ಕೈಯ ಕಸುಬು ಆ ಒಂದು ಚೌಕದ ಮೇಲೆ ನಿಂತಿತ್ತು.

*

"ಬಂದ್ಯಾ ಗುಮಾಸ್ತ? ನಿನ್ನನ್ನೇ ಕಳಿಸ್ತಾರೆ ಅಂದ್ಕೊಂಡಿದ್ದೆ."

ಮೇಸ್ತ್ರಿ ಸ್ಟೂಲಿನಿಂದ ಏಳಲಿಲ್ಲ. ಊರೆಲ್ಲ ಅವನನ್ನು ಕರೆಯುವುದು ಕಿವಿ ಮೇಸ್ತ್ರಿ ಎಂದು. ಸರ್ವೇಯರರನ್ನು ಗುಮಾಸ್ತ ಎನ್ನುವವನು ಲೋಕದಲ್ಲಿ ಅವನೊಬ್ಬನೇ.

"ಕಂಪನಿಯಲ್ಲಿ ಸ್ಪ್ಯಾನರ್ ಹಿಡಿದವನು ನಾನೊಬ್ಬನೇ ಉಳಿದಿರೋದು."

"ಹಿಡಿದಿದ್ದವನು ಅನ್ನು. ಬಿಟ್ಟು ಎಷ್ಟು ವರ್ಷ ಆಯ್ತಯ್ಯಾ?"

ಇಬ್ಬರೂ ಒಬ್ಬನೇ ಗುರುವಿನ ಕೈಕೆಳಗೆ ಕಲಿತವರು. ಗುರು ಇಬ್ಬರನ್ನೂ ಕಣ್ಣು ಮುಚ್ಚಿಸಿ ಓಡುವ ಎಂಜಿನಿನ ಮುಂದೆ ನಿಲ್ಲಿಸುತ್ತಿದ್ದ. ಎಲ್ಲಿ ತಪ್ಪುತ್ತಿದೆ ಹೇಳಿ ಎನ್ನುತ್ತಿದ್ದ. ಸರ್ವೇಯರ್ ಇನ್ನೂ ಎಣಿಸುತ್ತಿರುವಾಗಲೇ ಪಕ್ಕದಲ್ಲಿದ್ದ ಮೇಸ್ತ್ರಿ "ಎರಡನೆಯದು" ಎಂದುಬಿಡುತ್ತಿದ್ದ. ಐದು ವರ್ಷ ಪ್ರತಿದಿನ. ಒಂದು ದಿನ ಇವರು ಸ್ಪ್ಯಾನರನ್ನು ಒರೆಸಿ ಮೇಜಿನ ಮೇಲಿಟ್ಟು ವಿಮಾ ಕಂಪನಿಯ ಪರೀಕ್ಷೆಗೆ ಅರ್ಜಿ ಹಾಕಿದರು. ಕಾರಣ ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಇಲ್ಲ.

"ನಾಲ್ಕನೆಯದು ಅಂತ ಹೇಗೆ ಹೇಳಿದೆ?"

"ಕೇಳಿಸ್ತು."

"ನನಗಾಗಿದ್ರೆ ಕೇಳಿಸ್ತಿರಲಿಲ್ಲ."

"ನಿನಗೆ ಯಾವತ್ತು ಕೇಳಿಸಿತ್ತು, ಗುಮಾಸ್ತ?"

ಮೇಸ್ತ್ರಿ ನಕ್ಕ. ಸರ್ವೇಯರರೂ ನಕ್ಕರು. ವಯಸ್ಸಾದವರ ಹೊಟ್ಟೆಕಿಚ್ಚು ಬೆಳಗಿನ ಎಂಜಿನಿನಂತೆ. ಶುರುವಾಗುವಾಗ ಮಾತ್ರ ಮೈ ನಡುಗುತ್ತದೆ, ಬಿಸಿಯೇರಿದ ಮೇಲೆ ಹೊರಗಿನವರಿಗೆ ಸದ್ದೇ ಬಾರದು.

"ಈ ಕಾರನ್ನು ಬೆಳಿಗ್ಗೆ ಹೇಗೆ ಸ್ಟಾರ್ಟ್ ಮಾಡ್ತೀರಿ?"

"ಇದೆಂಥಾ ಪ್ರಶ್ನೆ? ಕೀಲಿ ಹಾಕೋದು, ತಿರುಗಿಸೋದು. ಎಲ್ಲ ಕಾರಿನ ಹಾಗೆ."

"ಭಾನುವಾರ?"

"ರಜ. ಬೀಗ. ಬೀಗದ ಕೈ ಮೂರಿವೆ. ನನ್ನ ಹತ್ತಿರ ಒಂದು, ಮಗನ ಹತ್ತಿರ ಒಂದು, ಸೊಸೆ ಹತ್ತಿರ ಒಂದು."

"ಸೊಸೆ ಕೆಲಸದಲ್ಲಿ ಹೇಗೆ?"

ಮೇಸ್ತ್ರಿ ಅಂಗೈ ನೋಡಿಕೊಂಡ. "ಕೈ ಶುದ್ಧ. ಕಿವಿ ಇನ್ನೂ ಎಳೇದು. ಹೊಗಳಿಕೆ ಸ್ವಲ್ಪ ಬೇಗ ಬಂತು ಅವಳಿಗೆ. ಈಗ ಬಂದವರೆಲ್ಲ ನನ್ನ ದಾಟಿಕೊಂಡು ಹೋಗ್ತಾರೆ. 'ಮೇಡಂ ಎಲ್ಲಿ?' ಅಂತಾರೆ. ನಾನು ತೋರಿಸ್ತೀನಿ. ಕೈಮರದ ಕೆಲಸ ನನ್ನದು."

*

ಸೊಸೆ ಎಂಜಿನನ್ನು ಬಿಚ್ಚದೆ ಕಾದಿದ್ದಳು. ಕಣ್ಣು ಕೆಂಪಗಿದ್ದವು.

"ನಾಲ್ಕನೇದರ ಪ್ಲಗ್ ಮಾತ್ರ ತೆಗೆದಿದ್ದೀನಿ ಸರ್. ಒಳಗೆ ಪೆಟ್ರೋಲು ತುಂಬಿತ್ತು. ಪಿಸ್ಟನ್ ಮೇಲೆ ಬಂದಾಗ ಒತ್ತಿದ್ರೆ ಕುಗ್ಗೋ ಗಾಳಿ ಇರಲಿಲ್ಲ, ಕುಗ್ಗದ ಪೆಟ್ರೋಲಿತ್ತು. ಪಿಸ್ಟನ್ನಿನ ರಾಡು ಬಾಗಿ ಎಂಜಿನ್ ಬ್ಲಾಕ್ ಸೀಳಿದೆ."

"ಪೆಟ್ರೋಲು ಎಲ್ಲಿಂದ ಬಂತು?"

"ಇಂಜೆಕ್ಟರ್ ಸೋರಿದ್ರೆ ಮಾತ್ರ. ಆದ್ರೆ ಅದು ಹೊಸದು. ಹನ್ನೆರಡು ದಿನದ ಹಿಂದೆ ನಾನೇ ಹಾಕಿದ್ದು."

"ತೆಗೀರಿ. ನನ್ನೆದುರಿಗೆ."

ಅವಳು ತೆಗೆದಳು. ಕಿರುಬೆರಳಷ್ಟುದ್ದದ ಆ ವಸ್ತುವನ್ನು ಬೆಳಕಿಗೆ ಹಿಡಿದಳು. ಮೂತಿ ಕಂದುಗಟ್ಟಿತ್ತು. ಅವಳ ತುಟಿ ಬಿಳಿಚಿತು.

"ಇದು ಹಳೇದು. ನಾನು ತೆಗೆದಿಟ್ಟಿದ್ದು ಇದು!"

"ಎಲ್ಲಿ ಇಟ್ಟಿದ್ರಿ?"

ಅವಳ ಕೆಲಸದ ಮೇಜಿನ ಮೇಲೆ ಒಂದು ತಗಡಿನ ಡಬ್ಬ. ಒಳಗೆ ಬಟ್ಟೆಯ ಸುರುಳಿ. ಮೇಲೊಂದು ಚೀಟಿ: 'ನಾಲ್ಕು, ಸೋರುತ್ತಿದೆ, ಡಾಕ್ಟರಿಗೆ ತೋರಿಸಬೇಕು.' ಸುರುಳಿ ಬಿಚ್ಚಿದಾಗ ಒಳಗಿದ್ದದ್ದು ಹೊಸ ಇಂಜೆಕ್ಟರು. ಒರೆಸಿ, ಮೂತಿಗೆ ಟೋಪಿ ತೊಡಿಸಿ, ಮಗುವನ್ನು ಸುತ್ತಿದಂತೆ ಸುತ್ತಿಟ್ಟಿದ್ದರು.

ಕಚೇರಿಯ ಬಾಗಿಲಿನಿಂದ ಮಗನ ದನಿ ಬಂತು. "ಅಲ್ಲಿಗೆ ಸರಿ ಹೋಯ್ತು. ಹೊಸದನ್ನು ಹಾಕೋ ಬದಲು ಹಳೇದನ್ನೇ ವಾಪಸ್ ಹಾಕಿದ್ದೀಯ."

"ರೀ, ಹಾಗಾದ್ರೆ ಶನಿವಾರದವರೆಗೆ ದಿನಾ ಬೆಳಿಗ್ಗೆ ಅದು ನಡುಗದೆ ಹೇಗೆ ಓಡಿತು?"

"ನಿನ್ನ ಪುಸ್ತಕದಲ್ಲಿ ಓಡಿತು."

"ಡಾಕ್ಟರ ಫೋನಿನಲ್ಲೂ ಓಡಿದೆ," ಎಂದರು ಸರ್ವೇಯರ್. "ಶನಿವಾರ ಬೆಳಿಗ್ಗೆ. ನಾನೇ ಕೇಳಿದ್ದೀನಿ. ಬದಲಾದದ್ದು ಆಮೇಲೆ."

ಮಗ ಕಚೇರಿಯೊಳಕ್ಕೆ ಸರಿದ.

ಸರ್ವೇಯರ್ ಭೂತಗನ್ನಡಿ ತೆಗೆದು ಹಳೆಯ ಇಂಜೆಕ್ಟರಿನ ಕುತ್ತಿಗೆ ನೋಡಿದರು. ಎರಡು ರಬ್ಬರ್ ಉಂಗುರ. ಕರ್ರಗೆ ಮಿರುಗುವ ಹೊಸ ಉಂಗುರಗಳು. ಹೊರಗೆ ಸೋರದಂತೆ, ಕೂರಿಸುವಾಗ ಹರಿಯದಂತೆ, ಎಣ್ಣೆಯ ತೆಳುವಾದ ಪಸೆ ಕೂಡ ಸವರಿತ್ತು.

"ಈ ಉಂಗುರ ನೀವು ಹಾಕಿದ್ದಾ?"

"ಇಲ್ಲ. ನಾನು ತೆಗೆದಾಗ ಹಳೇ ಉಂಗುರ ಒಣಗಿ ಬಿರುಕು ಬಿಟ್ಟಿತ್ತು."

"ಬೆಳಿಗ್ಗೆ ಸ್ಟಾರ್ಟ್ ಮಾಡೋ ಕ್ರಮ ಹೇಳಿ."

"ಎಂಜಿನ್ ದಿನಕ್ಕೊಂದೇ ಸಲ ತಣ್ಣಗಿರುತ್ತೆ ಸರ್. ಪರೀಕ್ಷೆಗೆ ಸಿಗೋದು ಅದೊಂದೇ ಅವಕಾಶ. ಎಡವಿದ್ರೆ ಮಾರನೇ ಬೆಳಿಗ್ಗೆವರೆಗೆ ಕಾಯ್ಬೇಕು. ಅದಕ್ಕೇ ದಿನಾ ಒಂದೇ ಥರ ಶುರು ಮಾಡ್ಬೇಕು ಅಂತ ಮೂರು ತಿಂಗಳಿಂದ ಒಂದು ಕ್ರಮ ಇಟ್ಕೊಂಡಿದ್ದೀನಿ. ಮೊದಲು ಟ್ಯಾಂಕಿನಿಂದ ಪೆಟ್ರೋಲು ತಳ್ಳೋ ಪಂಪನ್ನು ಮಾತ್ರ ಮೂರು ನಿಮಿಷ ಓಡಿಸ್ತೀನಿ. ಕೊಳವೆಯಲ್ಲಿರೋ ಗಾಳಿ ಹೋಗಿ ಒತ್ತಡ ಸಮ ಆಗುತ್ತೆ. ಆಮೇಲೆ ಕೀಲಿ. ಈ ಗಾಡಿಗೆ ಮಾತ್ರ ಸೋರಿಕೆಯ ಅನುಮಾನ ಇತ್ತು ಅಂತ, ಹೊಸ ಇಂಜೆಕ್ಟರ್ ಹಾಕಿದ ಮೇಲೇ ಈ ಕ್ರಮ ಶುರು ಮಾಡಿದ್ದು."

"ಎಲ್ಲರಿಗೂ ಗೊತ್ತಾ ಇದು?"

ಅವಳು ನೋಟ್‌ಪುಸ್ತಕವನ್ನು ಮುಂದಕ್ಕೆ ಸರಿಸಿದಳು. "ಪುಸ್ತಕದಲ್ಲಿ ಬರೆದಿದ್ದೀನಿ ಸರ್."

ಅದು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಸರ್ವೇಯರ್ ಅದನ್ನು ಗುರುತು ಮಾಡಿಕೊಂಡರು.

*

ಮಗನ ಕಚೇರಿ ಅಚ್ಚುಕಟ್ಟಾಗಿತ್ತು. ಅಲ್ಲಿ ಎಣ್ಣೆಯ ಒಂದು ಕಲೆಯೂ ಇರಲಿಲ್ಲ.

"ಭಾನುವಾರ ಎಲ್ಲಿದ್ದೆಯಪ್ಪಾ?"

"ಮನೇಲಿ, ಅಂಕಲ್."

"ನಿನ್ನ ಹೆಂಡತಿ ಹೇಳಿದ್ದು ಬೇರೆ. ಹತ್ತಕ್ಕೆ ಹೋದವನು ಒಂದಕ್ಕೆ ಬಂದೆಯಂತೆ."

ಮಗನ ಮುಖ ಕೆಂಪಾಯಿತು. "ಅದನ್ನೂ ಬರ್ಕೊಂಡಿರ್ತಾಳೆ ಪುಸ್ತಕದಲ್ಲಿ!"

ಸರ್ವೇಯರ್ ಫೋನಿನ ಚಿತ್ರವನ್ನು ಅವನ ಮುಂದಿಟ್ಟರು. "ಇದು ಎಂಜಿನ್ ಒಡೆಯೋಕೆ ಹತ್ತು ಸೆಕೆಂಡು ಮುಂಚೆ. ಕಾರು ಇನ್ನೂ ಸ್ಟಾರ್ಟೇ ಆಗಿಲ್ಲ. ನೀನು ಆಗಲೇ ಕಿವಿ ಮುಚ್ಚಿಕೊಂಡಿದ್ದೀಯ. ದೊಡ್ಡ ಸದ್ದು ಬರುತ್ತೆ ಅಂತ ನಿನಗೆ ಹೇಗೆ ಗೊತ್ತಾಯ್ತು?"

ಮಗ ಚಿತ್ರ ನೋಡಿದ. ಸರ್ವೇಯರರನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಕೊನೆಗೆ ಕಹಿಯಾಯಿತು.

"ನಾನು ಮಾಡಿದೆ ಅಂತೀರಾ? ಅಪ್ಪ ನನ್ನ ಕೈಗೆ ಸ್ಪ್ಯಾನರ್ ಕೊಟ್ಟಿದ್ದು ಒಂದೇ ಸಲ, ಅಂಕಲ್. ಅದನ್ನು ಅವರ ಕಾಲ ಮೇಲೇ ಬೀಳಿಸಿದೆ. ಮದುವೆಯಾಗಿ ಬಂದವಳಿಗೆ ಇಡೀ ಡಬ್ಬ ಕೊಟ್ಟರು. ಹೊಟ್ಟೆ ಉರೀಲಿಲ್ವಾ ಅಂತ ಕೇಳಿ. ಉರೀತು. ಈಗಲೂ ಉರಿಯುತ್ತೆ. ಊಟಕ್ಕೆ ಕೂತರೆ ಅವರಿಬ್ಬರದೂ ಸಿಲಿಂಡರ್ ಮಾತು, ನಾನು ಪಲ್ಯ ಬಡಿಸ್ಕೋತೀನಿ. ಆದ್ರೆ ಇಂಜೆಕ್ಟರ್ ತೆಗೆಯೋದು ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

"ಮತ್ತೆ ಈ ಬೆರಳು?"

"ಅದಾ? ಆ ಪಂಪು! ಮೂರು ನಿಮಿಷ ಕೊಯ್ಯುತ್ತೆ ತಲೇನ. ಸೊಳ್ಳೆಗೆ ಮೈಕು ಕೊಟ್ಟ ಹಾಗೆ. ದಿನಾ ಬೆಳಿಗ್ಗೆ ಇದೇ ಕಥೆ. ಡಾಕ್ಟ್ರೂ ಮುಖ ಸಿಂಡರಿಸ್ಕೊಂಡೇ ಫೋಟೋ ತೆಗೆದದ್ದು, ಕೇಳಿ."

"ಭಾನುವಾರ?"

ದನಿ ಇಳಿಯಿತು. "ಪೀಠೋಪಕರಣದ ಅಂಗಡೀಲಿ ಕೆಲಸ ಕೇಳೋಕೆ ಹೋಗಿದ್ದೆ. ಅಂಗಡಿಯವರನ್ನು ವಿಚಾರಿಸಿ. ಕುರ್ಚಿಗಳು ಸುಮ್ಮನಿರ್ತವೆ, ಅಂಕಲ್. ಯಾರ ಕಿವಿಯನ್ನೂ ಕೇಳಲ್ಲ. ಅಪ್ಪನಿಗೆ ಹೇಳಬೇಡಿ."

ಸರ್ವೇಯರ್ ಅಂಗಡಿಗೆ ಫೋನು ಮಾಡಿದರು. ಮಾತು ನಿಜವಾಗಿತ್ತು. ಫೋನಿಟ್ಟು ಮತ್ತೆ ಚಿತ್ರ ನೋಡಿದರು. ಈ ಸಲ ಮಗನ ಬೆರಳನ್ನಲ್ಲ. ಸ್ಟೂಲಿನ ಮೇಲೆ, ತಲೆ ಕೊಯ್ಯುವ ಆ ಸದ್ದಿನ ನಡುವೆ, ಹಾಡಿಗೆ ಕಾದವನಂತೆ ಕುಳಿತ ಶಾಂತ ಮುಖವನ್ನು.

*

ಮಧ್ಯಾಹ್ನವೆಲ್ಲ ಅವರು ತಮ್ಮ ಹಳೆಯ ಕಾರಿನಲ್ಲಿ ಕುಳಿತು ಸೊಸೆಯ ನೋಟ್‌ಪುಸ್ತಕ ಓದಿದರು. ಪುಟಕ್ಕೊಂದು ಬೆಳಗು. ತಂಪು ಎಷ್ಟು, ನಡುಕ ಎಷ್ಟು ಸೆಕೆಂಡು. ಮೊದಲ ಪುಟಗಳ ಅಂಚಿನಲ್ಲೆಲ್ಲ ಮೇಸ್ತ್ರಿಯ ಸಹಿ; ಗುರುವು ಶಿಷ್ಯೆಯ ಲೆಕ್ಕ ಒಪ್ಪಿದ ಗುರುತು. ನಾಲ್ಕು ತಿಂಗಳ ಹಿಂದಿನ ಒಂದು ಪುಟ ಹೀಗಿತ್ತು: 'ಮಾವ ಹೇಳಿದ್ದು ಐದು. ನಾನು ಹೇಳಿದ್ದು ಎರಡು. ಬಿಚ್ಚಿದಾಗ ಸಿಕ್ಕಿದ್ದು ಎರಡು.' ಅದರ ಕೆಳಗೂ ಸಹಿಯಿತ್ತು. ಕಾಗದ ಹರಿಯುವಷ್ಟು ಒತ್ತಿ ಹಾಕಿದ ಸಹಿ.

ಮುಂದಿನ ಪುಟದಿಂದ ಸಹಿ ಇರಲಿಲ್ಲ. ಪಂಪಿನ ಮೂರು ನಿಮಿಷದ ಮಾತು ಬರುವುದು ಆಮೇಲಿನ ಪುಟಗಳಲ್ಲಿ.

ಸರ್ವೇಯರ್ ಪುಸ್ತಕ ಮುಚ್ಚಿದರು. ಎಲ್ಲ ಕೊಂಡಿಗಳೂ ಕೂಡಿಕೊಳ್ಳುತ್ತಿದ್ದವು. ಅದರಿಂದಲೇ ಅವರಿಗೆ ಭಯವಾಯಿತು. ಮೂವತ್ತೈದು ವರ್ಷ ತಾನು ಕಾದ ಉತ್ತರ ಇದು. ಆ ಕಿವಿ ಸುಳ್ಳು ಎಂದು ಒಂದು ದಿನ ಗೊತ್ತಾಗಲಿ ಎಂದು ಎಷ್ಟು ಬೆಳಗುಗಳಲ್ಲಿ ಬಯಸಿದ್ದೆ? ಬಯಸಿದ್ದೇ ಕಣ್ಣಿಗೆ 'ಸಾಕ್ಷಿ'ಯ ವೇಷದಲ್ಲಿ ಕಾಣುತ್ತಿರಬಹುದೇ? ಒಬ್ಬಳ ಹೆಸರು ಉಳಿಸಲು ಹೊರಟವನೋ, ಒಬ್ಬನ ಹೆಸರು ಅಳಿಸಲು ಹೊರಟವನೋ?

ಹೊಟ್ಟೆಕಿಚ್ಚಿಗೆ ಕೈಯಿಡಲಾಗದ ಪರೀಕ್ಷೆ ಬೇಕಿತ್ತು. ಎಲ್ಲರ ಎದುರು ಆಗುವಂಥದ್ದು.

ಅವರು ಒಳಗೆ ಹೋಗಿ ಸೊಸೆಯೊಡನೆ ಮೆಲ್ಲಗೆ ಮಾತಾಡಿದರು.

"ಬೇರೆ ದಾರಿ ಇಲ್ವಾ ಸರ್?"

"ಇದ್ರೆ ನೀವೇ ಹೇಳಿ."

ಅವಳು ಹಳೆಯ ಇಂಜೆಕ್ಟರನ್ನು ಕೈಗೆತ್ತಿಕೊಂಡಳು.

*

ಬುಧವಾರ, ಬೆಳಿಗ್ಗೆ ಎಂಟು. ಕಾರಿನ ಪಂಪಿನಿಂದ ಒಂದು ಕೊಳವೆಯನ್ನು ಮೇಜಿನ ಮೇಲಕ್ಕೆಳೆದು, ಹಳೆಯ ಇಂಜೆಕ್ಟರನ್ನು ಅದಕ್ಕೆ ಸಿಕ್ಕಿಸಿ, ಕೆಳಗೆ ಅಳತೆಯ ಗಾಜು ಇಟ್ಟಿದ್ದರು. ಮಗ ಬಾಗಿಲಲ್ಲಿದ್ದ. ಸೊಸೆ ಕಾರಿನ ಪಕ್ಕ, ಪಂಪಿನ ಸ್ವಿಚ್ಚಿನ ಬಳಿ. ಮೇಸ್ತ್ರಿ ಎಲ್ಲರಿಗೂ ಬೆನ್ನು ಹಾಕಿ ಗೋಡೆಯ ಮೊಳೆಗಳಿಗೆ ಸ್ಪ್ಯಾನರುಗಳನ್ನು ಸಾಲಾಗಿ ತೂಗುಹಾಕುತ್ತಿದ್ದ.

"ನಮ್ಮ ಗುರು ಕೊನೆಕೊನೆಗೆ ಎಲ್ಲಿದ್ದ?" ಎಂದು ಸರ್ವೇಯರ್ ಗಟ್ಟಿಯಾಗಿ ಕೇಳಿದರು.

"ಮಗಳ ಮನೇಲಿ. ಮಿಕ್ಸಿ ತಿರುಗಿದ್ರೂ ಬೇರಿಂಗ್ ಹೋಗಿದೆ ಅಂತಿದ್ದನಂತೆ. ಮಗಳು ರೇಗಿ..."

ಸರ್ವೇಯರ್ ಕೈಯೆತ್ತಿದರು. ಸೊಸೆಯ ಬೆರಳು ಸ್ವಿಚ್ಚಿನ ಮೇಲೆ ತಡೆಯಿತು. ಒತ್ತಿತು.

ಕೀರಲು ಎದ್ದಿತು. ಮಗನ ಬೆರಳು ತಾನಾಗಿಯೇ ಕಿವಿಗೆ ಹೋಯಿತು. ಸರ್ವೇಯರರಿಗೂ ಕೇಳಿಸಿತು. ಐವತ್ತೆಂಟರ ಕಿವಿಗೆ ದೂರದಿಂದ, ಸೂಜಿಯ ಮೊನೆಯಷ್ಟೇ, ಆದರೆ ಕೇಳಿಸಿತು. ಅವರ ಎದೆಯಲ್ಲೊಂದು ಸಂತೋಷ ಚಿಮ್ಮಿತು. ಚಿಮ್ಮಿದ ಮರುಕ್ಷಣವೇ ಅವರು ಅದಕ್ಕೆ ನಾಚಿದರು.

"...ರೇಗಿ ಅವನನ್ನು ವರಾಂಡಕ್ಕೆ ಕೂರಿಸಿದ್ಲಂತೆ. ಅಲ್ಲಿ ಹೋಗೋ ಬರೋ ಸ್ಕೂಟರಿಗೆಲ್ಲ ಕಾಯಿಲೆ ಹೇಳ್ತಾ ಕೂರ್ತಿದ್ದನಂತೆ." ಮೇಸ್ತ್ರಿ ಇನ್ನೊಂದು ಸ್ಪ್ಯಾನರ್ ತೂಗುಹಾಕಿದ. ಮತ್ತೊಂದನ್ನು ಒರೆಸಿದ. ಇಂಜೆಕ್ಟರಿನ ಮೂತಿಯಿಂದ ಪೆಟ್ರೋಲು ಎಡೆಬಿಡದೆ ಗಾಜಿಗೆ ತೊಟ್ಟಿಕ್ಕುತ್ತಿತ್ತು.

ಯಾರೂ ಮಾತಾಡದ್ದರಿಂದ ಅವನು ತಿರುಗಿದ.

"ಏನು, ಎಲ್ಲರೂ ಬಾಯಿಗೆ ಬೀಗ ಹಾಕ್ಕೊಂಡ್ರಿ? ಶುರು ಮಾಡಿ ನಿಮ್ಮ ಪರೀಕ್ಷೆ."

"ಶುರುವಾಗಿ ಎರಡು ನಿಮಿಷ ಆಯ್ತು," ಎಂದರು ಸರ್ವೇಯರ್.

ಮೇಸ್ತ್ರಿಯ ಕಣ್ಣು ಮೊದಲು ಗಾಜಿಗೆ ಹೋಯಿತು. ಆಮೇಲೆ ಮಗನ ಕಿವಿಯಲ್ಲಿದ್ದ ಬೆರಳಿಗೆ. ಆಮೇಲೆ ಸೊಸೆಯ ಮುಖಕ್ಕೆ. ಅಲ್ಲಿಯೇ ನಿಂತಿತು.

ಮೂರು ನಿಮಿಷಕ್ಕೆ ಸೊಸೆ ಪಂಪು ನಿಲ್ಲಿಸಿದಳು. ಗಾಜಿನಲ್ಲಿ ಅರ್ಧ ಲೋಟದಷ್ಟು ಪೆಟ್ರೋಲಿತ್ತು.

"ಒಂದು ಸಿಲಿಂಡರ್ ಮುಳುಗಿಸೋಕೆ ಇಷ್ಟು ಸಾಕು," ಎಂದರು ಸರ್ವೇಯರ್. "ಪಂಪು ಓಡಿಸದೆ ಸುಮ್ಮನೆ ಕೀಲಿ ತಿರುಗಿಸಿದ್ರೆ ಬೀಳೋದು ನಾಲ್ಕು ಹನಿ. ನಾಲ್ಕು ಹನಿಗೆ ಎಂಜಿನ್ ಒಡೆಯಲ್ಲ. ನಡುಗುತ್ತೆ. ಹಳೇ ಮಲೇರಿಯಾ."

ಅವರು ಗಾಜನ್ನು ಮೇಜಿನ ನಡುವಿಗೆ ಸರಿಸಿ ಮುಂದುವರಿಸಿದರು.

"ಭಾನುವಾರ ಒಬ್ಬರು ಬಂದು ಹಳೇ ಇಂಜೆಕ್ಟರ್ ಹಾಕಿದ್ದಾರೆ. ಬೀಗ ಒಡೆದಿಲ್ಲ, ಹಾಗಾಗಿ ಹೊರಗಿನವರಲ್ಲ. ಕೆಡಿಸೋಕೆ ಬಂದವನು ಬಿರುಕು ಬಿಟ್ಟ ಉಂಗುರದ ಮೇಲೇ ತುರುಕಿ ಹೋಗ್ತಾನೆ, ಒಳ್ಳೇದನ್ನು ಚರಂಡಿಗೆ ಎಸೀತಾನೆ. ಇವರು ಹೊಸ ಉಂಗುರ ತೊಡಿಸಿ ಎಣ್ಣೆ ಸವರಿದ್ದಾರೆ. ಒಳ್ಳೇದನ್ನು ಒರೆಸಿ, ಟೋಪಿ ಹಾಕಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ಕೆಟ್ಟ ಕೆಲಸವನ್ನೂ ಕೆಟ್ಟದಾಗಿ ಮಾಡೋಕೆ ಬರದ ಕೈ. ಈ ಮನೆಯಲ್ಲಿ ಅಂಥಾ ಕೈ ಎರಡೇ ಜೋಡಿ."

ಸೊಸೆ ತನ್ನ ಕೈಗಳನ್ನು ನೋಡಿಕೊಂಡಳು.

"ಅದರಲ್ಲಿ ಒಬ್ಬರಿಗೆ ಮೂರು ನಿಮಿಷದ ವಿಷಯ ಗೊತ್ತು. ಗೊತ್ತಿದ್ದವರು ಇದನ್ನು ಹಾಕಿ ತಾವೇ ಕೀಲಿ ತಿರುಗಿಸಲ್ಲ. ಎಂಜಿನ್ ಸಾಯುತ್ತೆ, ಜೊತೆಗೆ ತಮ್ಮ ಹೆಸರೂ ಸಾಯುತ್ತೆ. ಹಾಕಿದವರು ಮೂರು ನಿಮಿಷದ ವಿಷಯ ಗೊತ್ತಿಲ್ಲದವರು. ಕೀಲಿ ಹಾಕೋದು, ತಿರುಗಿಸೋದು, ಎಲ್ಲ ಕಾರಿನ ಹಾಗೆ ಅಂದ್ಕೊಂಡವರು. ದಿನಾ ಬೆಳಿಗ್ಗೆ ಈ ಸ್ಟೂಲಿನ ಮೇಲೇ ಕೂತಿದ್ರೂ ಗೊತ್ತಿಲ್ಲ. ಯಾಕಂದ್ರೆ ಪುಸ್ತಕ ಓದೋದು ಬಿಟ್ಟಿದ್ದರು. ಮಾತು ಕೇಳಿಸುತ್ತೆ, ಪಂಪಿನಂಥ ಸಣ್ಣ ಕೀರಲು ಕೇಳಿಸ್ತಿರಲಿಲ್ಲ."

"ನಾಲ್ಕನೆಯದು ಅಂತ ಹೇಳಿದ್ದೆನಲ್ಲಾ!" ಮೇಸ್ತ್ರಿಯ ದನಿ ಒಡೆಯಿತು. "ಕೇಳಿಸದೆ ಹೇಗೆ ಹೇಳಿದೆ?"

"ಅದೇ ನಿನ್ನನ್ನು ಹಿಡಿದುಕೊಟ್ಟದ್ದು. ಎಂಜಿನ್ ಓಡ್ತಾ ತಪ್ಪಿದ್ರೆ ಯಾವ ಸಿಲಿಂಡರ್ ಅಂತ ಹೇಳಬಹುದು. ಇದು ಓಡಲೇ ಇಲ್ಲ. ಒಂದೇ ಪೆಟ್ಟು, ಅದೂ ಇಡೀ ಬ್ಲಾಕಿನದು. ನಮ್ಮ ಗುರುವಿಗೂ ಅದರಲ್ಲಿ ನಾಲ್ಕನೆಯದು ಕೇಳಿಸ್ತಿರಲಿಲ್ಲ. ಆ ಮಾತು ನಿನ್ನ ಬಾಯಲ್ಲಿ ಭಾನುವಾರದಿಂದಲೇ ಕಾದಿತ್ತು. ಡಾಕ್ಟರ ಎದುರು ಕಾರು ನಡುಗಬೇಕು. ಸೊಸೆ ತಬ್ಬಿಬ್ಬಾಗಬೇಕು. ನೀನು ಕಣ್ಣು ಮುಚ್ಚಿಕೊಂಡೇ 'ನಾಲ್ಕನೆಯದು' ಅನ್ನಬೇಕು. ಬಿಚ್ಚಿದ್ರೆ ನಾಲ್ಕನೆಯದೇ ಇರಬೇಕು. ಕೇಳಿಸಬೇಕಾದ ಅಗತ್ಯವೇ ಇರಲಿಲ್ಲ ನಿನಗೆ. ಉತ್ತರ ಮೊದಲೇ ಬರೆದಿಟ್ಟಿದ್ದೆ."

ಮೇಸ್ತ್ರಿ ಸ್ಟೂಲನ್ನು ಕೈಯಿಂದ ತಡವಿ ಕುಳಿತ.

"ಒಂದೇ ಒಂದು ಸಲ," ಎಂದ. "ಇನ್ನೊಂದೇ ಸಲ ಎಲ್ಲರೂ ನನ್ನ ಕಡೆ ತಿರುಗಿ ನೋಡಲಿ ಅಂತ. ಎಂಜಿನ್ ಹೋಗುತ್ತೆ ಅಂತ ನನಗೇನು ಗೊತ್ತು? ಎಂಜಿನ್ ಕೊಲ್ಲೋ ಕೈಯಲ್ಲ ಇದು, ಗುಮಾಸ್ತ."

"ಗೊತ್ತು."

"ಸೋಮವಾರದಿಂದ ಎರಡು ದಿನ ಆಯ್ತು. ನಾನು ಹಾಕಿದೆ ಅಂತ ಬಾಯಿಗೆ ಬರುತ್ತೆ. ಯಾಕೆ ಅಂತ ಕೇಳ್ತಾರಲ್ಲ ಅಂತ ನುಂಗ್ತೀನಿ." ಅವನು ತಲೆಯೆತ್ತಿದ. "ಕೆಡಿಸಿದ ಅಂತ ಬರಿ. ದ್ರೋಹಿ ಅಂತ ಬರಿ. ಪೋಲೀಸಿಗೆ ಬೇಕಾದ್ರೂ ಕೊಡು. ಕಿವಿ ಹೋಗಿದೆ ಅಂತ ಮಾತ್ರ ಬರೀಬೇಡ ಕಣಯ್ಯಾ. ಕೈ ಮುಗೀತೀನಿ."

ಸರ್ವೇಯರರ ಪೆನ್ನು ನಿಂತಿತು. ಈ ಬೇಡಿಕೆ ಅವರಿಗೆ ಅರ್ಥವಾದಷ್ಟು ಲೋಕದಲ್ಲಿ ಇನ್ನಾರಿಗೂ ಅರ್ಥವಾಗುತ್ತಿರಲಿಲ್ಲ.

"ಅದನ್ನು ಬರೀದಿದ್ರೆ ಸಾಕ್ಷಿ ಅರ್ಧಕ್ಕೇ ನಿಲ್ಲುತ್ತೆ. ಮಾವನೋ ಸೊಸೆಯೋ ಅಂತ ಕಂಪನಿಯವರು ಕೇಳ್ತಾರೆ. ಸೊಸೆಯನ್ನು ಉಳಿಸೋಕೆ ಮುದುಕ ತನ್ನ ಮೇಲೆ ಹಾಕ್ಕೊಂಡ ಅಂತಾರೆ. ಅವಳ ಹೆಸರೇ ಪಟ್ಟಿಗೆ ಹೋಗುತ್ತೆ."

ಎಲ್ಲರೂ ಸೊಸೆಯ ಕಡೆ ನೋಡಿದರು. ಅವಳು ಕೈಬಟ್ಟೆಯಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದಳು.

"ಮಾವ, ನನಗೆ ಗೊತ್ತಿತ್ತು," ಎಂದಳು. "ಪಂಪು ಓಡೋವಾಗ ನೀವು ಹವಾಮಾನದ ಮಾತಾಡ್ತಿದ್ರಿ. ನಾಲ್ಕು ದಿನ ನೋಡಿದೆ. ಹೇಳೋಣ ಅಂದ್ಕೊಂಡೆ. ಪಂಪಿನ ವಿಷಯ ಹೇಳಿದ್ರೆ ಕಿವಿ ವಿಷಯ ಹೇಳಿದ ಹಾಗಾಗುತ್ತೆ ಅಂತ ಸುಮ್ಮನಾದೆ. ಪುಸ್ತಕ ಓದಿದ್ರೆ ನಿಮಗೇ ತಿಳಿಯುತ್ತೆ ಅಂತ ದಿನಾ ನಿಮ್ಮ ಮೇಜಿನ ಮೇಲೆ ಬಿಚ್ಚಿಟ್ಟು ಹೋಗ್ತಿದ್ದೆ."

"ನೋಡ್ತಿದ್ದೆ," ಎಂದ ಮೇಸ್ತ್ರಿ. "ಮುಚ್ಚಿಡ್ತಿದ್ದೆ."

"ಆ ಪುಸ್ತಕ ನೀವೇ ಕಲಿಸಿದ್ದು. ಈ ಕೆಲಸ ನೀವೇ ಕೊಟ್ಟಿದ್ದು. ಅದನ್ನು ನಾನು ಬಿಡಲ್ಲ, ಮಾವ. ನಿಮಗೋಸ್ಕರವೂ ಬಿಡಲ್ಲ." ಅವಳು ಸರ್ವೇಯರರ ಕಡೆ ತಿರುಗಿದಳು. "ಬರೀರಿ ಸರ್. ಪೂರ್ತಿ ಬರೀರಿ."

ಸರ್ವೇಯರ್ ಬರೆದರು. ಎರಡನೆಯ ಚೌಕಕ್ಕೆ ಗುರುತು ಹಾಕಿದರು. ಕಾರಣದ ಜಾಗದಲ್ಲಿ, ಒಂದು ಪದವೂ ಹೆಚ್ಚಿಲ್ಲದಂತೆ, ಕಿವಿಯ ಸಂಗತಿ ಬರೆದರು. ಬರೆಯುವಾಗ ಸಿಗಬಹುದೆಂದುಕೊಂಡಿದ್ದ ಸುಖ ಎಲ್ಲಿಯೂ ಸಿಗಲಿಲ್ಲ. ಮೇಸ್ತ್ರಿ ಹಾಳೆಯನ್ನು ಎರಡು ಸಲ ಓದಿ ಸಹಿ ಹಾಕಿದ. ಈ ಸಲ ಒತ್ತಲಿಲ್ಲ.

"ಡಾಕ್ಟ್ರಿಗೆ ನಾನೇ ಹೋಗಿ ಹೇಳ್ತೀನಿ," ಎಂದು ಎದ್ದ.

"ನಾನೂ ಬರ್ಲಾ, ಅಪ್ಪಾ?"

"ಬೇಡಪ್ಪ. ಅವರ ಎದುರು ಬಾಯಿ ತೆರೆದು ಕೂರೋದಷ್ಟೇ ತಾನೆ."

ಯಾರಿಗೂ ನಗು ಬರಲಿಲ್ಲ. ಅವನು ಮೇಲಂಗಿ ತೊಟ್ಟು ಬಾಗಿಲವರೆಗೆ ನಡೆದ. ಹಿಡಿಯ ಮೇಲೆ ಕೈಯಿಟ್ಟು ನಿಂತ. ತಿರುಗದೆಯೇ ಕೇಳಿದ:

"ಹೇಗಿರುತ್ತಮ್ಮಾ ಆ ಪಂಪಿನ ಸದ್ದು?"

ಸೊಸೆ ಕೈಬಟ್ಟೆ ಕೆಳಗಿಟ್ಟಳು. ಕಣ್ಣು ಮುಚ್ಚಿಕೊಂಡಳು. ಆಮೇಲೆ, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ, ನಿಧಾನವಾಗಿ ಹೇಳಿದಳು:

"ಸಣ್ಣ ದಾರ ಎಳೆದ ಹಾಗೆ, ಮಾವ. ಬಿಗಿಯಾಗಿ. ಒತ್ತಡ ತುಂಬ್ತಾ ತುಂಬ್ತಾ ಇನ್ನೂ ಸಣ್ಣಗಾಗುತ್ತೆ. ಮೂರನೇ ನಿಮಿಷದ ಕೊನೆಗೆ ಒಂದು ಸಲ ಸ್ವಲ್ಪ ನಡುಗಿ ನಿಲ್ಲುತ್ತೆ."

"ಕೊನೆಗೆ ನಡುಗುತ್ತಾ?"

"ಹೂಂ."

"ಹಾಗಿದ್ರೆ ಅದರ ಫಿಲ್ಟರ್ ನೋಡು. ಕಟ್ಟಿಕೊಳ್ತಿರಬಹುದು."

ಸೊಸೆ ಪುಸ್ತಕ ಬಿಚ್ಚಿ ಬರೆದುಕೊಂಡಳು. ಮೇಸ್ತ್ರಿ ತಲೆಯಾಡಿಸಿ ಹೊರಗೆ ಕಾಲಿಟ್ಟ. ಬಾಗಿಲು ಅವನ ಬೆನ್ನ ಹಿಂದೆ ಮೆಲ್ಲಗೆ ಬಂದು ಮುಚ್ಚಿಕೊಂಡಿತು.